ಗಂಗಾಲಕ್ಷ್ಮಿಯ ಸದ್ದಿಲ್ಲದ ಮನೆ

ತಮಿಳುನಾಡಿನ ತಾರಮಂಗಲಂನ ಕನ್ನಡ ನೇಕಾರರ ಬೀದಿಯ ಗಂಗಾಲಕ್ಷ್ಮಿಗೆ ತವರಿನಲ್ಲೂ ಗಂಡನ ಮನೆಯಲ್ಲೂ ಕಾಲೇಜು ಸೇರಿದವರು ಯಾರೂ ಇರಲಿಲ್ಲ. ಆ ಕೊರತೆ ನೀಗಿಸಿದವಳು ಮಗಳು ಭುವನಾ. ಕೊರೊನಾ ವರ್ಷ ಅವಳಿಗೆ ಸೇಲಂನಲ್ಲಿ ಗಣಿತದ ಡಿಗ್ರಿಗೆ ಸೀಟು ಸಿಕ್ಕಿತು. ಪಾಠ ಮಾತ್ರ ಮನೆಯ ಒಳಕೋಣೆಯಲ್ಲಿ, ಫೋನಿನೊಳಗೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟ ಗಂಗಾಲಕ್ಷ್ಮಿ, ಕಾಲೇಜೇ ತನ್ನ ಮನೆ ಹುಡುಕಿಕೊಂಡು ಬಂತೆಂದು ಬೀಗಿದಳು.

ಮನೆಗೆ ಬಂದ ಸರಸ್ವತಿಗೆ ಮರ್ಯಾದೆ ಬೇಡವೇ? ಕ್ಲಾಸು ನಡೆಯುವಷ್ಟು ಹೊತ್ತು ಅವಳು ಮಗ್ಗ ನಿಲ್ಲಿಸಿದಳು. ಪಟಪಟ ಸದ್ದಿನಲ್ಲೇ ಹುಟ್ಟಿ ಬೆಳೆದ ಮನೆ ಮೂಕವಾಯಿತು. ಬೀದಿಯಲ್ಲಿ ಆಡುವ ಮಕ್ಕಳನ್ನು ಅಟ್ಟಿದಳು. ಇಪ್ಪತ್ತು ವರ್ಷದಿಂದ ಮಗ್ಗದ ಕೆಲಸಕ್ಕೆ ಜೊತೆಯಾಗುತ್ತಿದ್ದ ಪಕ್ಕದ ಮನೆ ಪೆದ್ದಮ್ಮನಿಗೇ ಬಾಗಿಲಲ್ಲಿ ಬೆರಳು ತುಟಿಗಿಟ್ಟು ತೋರಿಸಿದಳು. ಪೆದ್ದಮ್ಮ ಮುನಿಸಿಕೊಂಡು ಬರುವುದನ್ನೇ ಬಿಟ್ಟಳು. ಭುವನಾ ದಿನದಿನಕ್ಕೆ ಮಾತು ಕಡಿಮೆ ಮಾಡಿದಳು, ಗೋಡೆ ನೋಡುತ್ತಾ ಊಟ ಮಾಡತೊಡಗಿದಳು. ತಾಯಿಗೆ ಅದೂ ಹೆಮ್ಮೆಯೇ. ಓದು ತಲೆಗೆ ಹತ್ತಿದೆ, ಅದಕ್ಕೇ ಮಾತಿಲ್ಲ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಹೆತ್ತವಳಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳಿಗೆ ಮಗಳ ಸಂಕಟವೂ ಮುದ್ದಾಗಿ ಕಂಡಿತು.

ಒಂದೂವರೆ ವರ್ಷದ ಮೇಲೆ ಕಾಲೇಜು ಬಾಗಿಲು ತೆರೆಯಿತು. ಹಾಸ್ಟೆಲಿಗೆ ಹೋದ ಭುವನಾ ಮೂರನೇ ದಿನಕ್ಕೇ ಬ್ಯಾಗು ಹಿಡಿದು ಬಸ್ಸಿಳಿದಳು. ಇನ್ನು ಹೋಗುವುದಿಲ್ಲ ಅಂದಳು, ಯಾಕೆಂದು ಮಾತ್ರ ಹೇಳಲಿಲ್ಲ. ಹತ್ತು ದಿನದೊಳಗೆ ಬರದಿದ್ದರೆ ಹೆಸರು ತೆಗೆಯುತ್ತೇವೆಂದು ಕಾಲೇಜಿನಿಂದ ಫೋನ್ ಬಂತು. ಬಲವಂತ ಬೇಡ, ಒಂದು ಗಂಡು ನೋಡೋಣ ಎಂದು ಗಂಡ ಮಾರಿಯಪ್ಪ ಸುಲಭದ ದಾರಿ ತೋರಿಸಿದ. ಗಂಗಾಲಕ್ಷ್ಮಿ ಬೈದಳು, ಅತ್ತಳು, ಯಾವುದೂ ನಾಟಲಿಲ್ಲ.

ಆ ವಾರವೇ ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳ ಸುರುಳಿ, ಬಂತು. ಹಳೆಯ ಹಾಸಿನ ತುದಿಗೆ ಹೊಸ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ, ಎರಡು ದಿನದ ಕೆಲಸ. ಎದುರುಬದುರು ಕೂತವರು ತಲೆ ಎತ್ತುವಂತಿಲ್ಲ, ಎತ್ತಿದರೆ ಎಳೆ ತಪ್ಪುತ್ತದೆ. ಮುಖ ನೋಡಿ ಹೇಳಲಾಗದ್ದನ್ನೆಲ್ಲ ಆ ಬೀದಿಯ ಹೆಂಗಸರು ಹೇಳಿಕೊಳ್ಳುವುದು ಅಲ್ಲಿಯೇ. ಪೆದ್ದಮ್ಮನನ್ನು ಕರೆಯಲು ಮುಖವಿಲ್ಲದೆ ಗಂಗಾಲಕ್ಷ್ಮಿ ಮಗಳನ್ನೇ ಕೂರಿಸಿಕೊಂಡಳು.

ಎರಡನೇ ದಿನ ಮಧ್ಯಾಹ್ನ ಭುವನಾ ಎಳೆ ಹೊಸೆಯುತ್ತಲೇ ಬಾಯಿಬಿಟ್ಟಳು. ಕ್ಲಾಸಿನಲ್ಲಿ ಯಾರಾದರೂ ತಿರುಗಿ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ, ಫೋನಿನಲ್ಲಾದರೆ ಕ್ಯಾಮೆರಾ ಮುಚ್ಚಬಹುದಿತ್ತು, ಅಲ್ಲಿ ಮುಖ ಎಲ್ಲಿ ಬಚ್ಚಿಡುವುದು ಅಂದಳು. ಆಮೇಲೆ ಮೆಲ್ಲಗೆ ಸೇರಿಸಿದಳು: "ಬೀದಿ ತುಂಬ ಜನ ಇದ್ರೂ ನನ್ ಕೂಡ ಯಾರೂ ಮಾತಾಡ್ಲಿಲ್ಲಮ್ಮ. ನೀನೇ ಎಲ್ರನ್ನೂ ಓಡಿಸ್ದೆ."

ಗಂಗಾಲಕ್ಷ್ಮಿಯ ಕೈಯಲ್ಲಿ ಎಳೆ ತುಂಡಾಯಿತು. ಅವಳ ಅಷ್ಟು ದಿನದ ಹೆಮ್ಮೆ ಒಂದು ಮಾತಿಗೆ ಮಣ್ಣುಪಾಲಾಯಿತು. ನಾಚಿಕೆಯಿಂದ ಕಣ್ಣು ತುಂಬಿದರೂ ತಲೆ ಎತ್ತಲಿಲ್ಲ.

"ತಪ್ಪು ನಂದೇ ಐತೆ ಕಣವ್ವ. ನಾಳೆ ನಾನೂ ಬತ್ತೀನಿ, ನಡಿ."

ಹೇಳಿದಂತೆ ಮರುದಿನ ಬಸ್ಸು ಹತ್ತಿದಳು. ಕಾಲೇಜಿನ ಗೇಟು ದಾಟಿದ್ದು ಜೀವನದಲ್ಲಿ ಅದೇ ಮೊದಲು. ಮಕ್ಕಳ ಮನಸ್ಸಿನ ಕಷ್ಟ ಕೇಳಲೆಂದೇ ಇದ್ದ ಮೇಡಂ ಎದುರು ಕೂತು, ಮಗಳದ್ದೇನೂ ತಪ್ಪಿಲ್ಲ, ಮನೆಯನ್ನು ಮೂಕ ಮಾಡಿದವಳು ನಾನು ಎಂದು ತಮಿಳಿನಲ್ಲಿ ನೇರವಾಗಿ ಒಪ್ಪಿಕೊಂಡಳು. ಇಂಥ ಮಕ್ಕಳು ತರಗತಿಗೆ ಹತ್ತು ಜನ ಇದ್ದಾರೆ, ತಪ್ಪು ನನ್ನದೆಂದು ಬಂದ ತಾಯಿ ನೀವೊಬ್ಬರೇ ಅಂದರು ಮೇಡಂ. ವಾರಕ್ಕೆರಡು ಸಲ ಆ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಿದ್ದರು. ಭುವನಾಳನ್ನೂ ಅಲ್ಲಿ ಸೇರಿಸಿಕೊಂಡರು. ಭುವನಾ ಮತ್ತೆ ಹಾಸ್ಟೆಲು ಸೇರಿದಳು. ಮೊದಲ ವಾರ ತಾಯಿ ದಿನವೂ ಬಸ್ಸಿನಲ್ಲಿ ಹೋಗಿ ಕಾಲೇಜಿನ ಮರದ ಕೆಳಗೆ ಕಾದಳು. ಎರಡನೇ ವಾರ ಮಗಳೇ ಬರಬೇಡ ಅಂದಳು.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಗಂಗಾಲಕ್ಷ್ಮಿ ಫೋನ್ ಮಾಡಿದಳು. ಆ ಕಡೆ ಹುಡುಗಿಯರ ಗದ್ದಲ, ನಗು. "ಈಗಾಗಲ್ಲ, ಅಪ್ಪುರಂ ಮಾತಾಡ್ತೀನಮ್ಮ, ಎಲ್ರೂ ನಂಗೇ ಕಾಯ್ತಾವ್ರೆ" ಎಂದು ಭುವನಾ ಫೋನ್ ಇಟ್ಟೇಬಿಟ್ಟಳು.

ಗಂಗಾಲಕ್ಷ್ಮಿ ನೆಟ್ಟಗೆ ಪೆದ್ದಮ್ಮನ ಮನೆಗೆ ಹೋಗಿ, ಕರೆಯದೆಯೇ ಜಗಲಿಯಲ್ಲಿ ಕೂತಳು. ಹೆಮ್ಮೆಯಿಂದ ಹೇಳಿದಳು:

"ಅಕ್ಕಾ, ನನ್ ಮಗಳಿಗೆ ನನ್ ಕೂಡ ಮಾತಾಡಕ್ಕೂ ಟೈಮಿಲ್ವಂತೆ."