ಕಡ್ಡಿಯ ತುದಿಗೆ ವಿಭೂತಿ

ಈ ಶತಮಾನದ ಮೊದಲ ದಶಕದ ನಡುವಿನಲ್ಲಿ ನಾನು ಬಾಗಲಕೋಟೆಯಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಅಲ್ಲಿನ ಕಾಲೇಜೊಂದರ ರಸಾಯನಶಾಸ್ತ್ರದ ಉಪನ್ಯಾಸಕಿ ಪೆನ್ಸಿಲ್ ಸೀಸದಷ್ಟು ದಪ್ಪದ ಒಂದು ಕಡ್ಡಿಯ ಮೇಲೆ ಸಂಶೋಧನೆ ನಡೆಸಿದ್ದರು. ಅದರ ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ನಳಿಕೆಗಳು ಮತ್ತು ಚಿನ್ನದ ಕಣಗಳ ಲೇಪ. ಶ್ವಾಸಕೋಶದ ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಹೆಚ್ಚಾಗುವ ಒಂದು ಪ್ರೋಟೀನು ಆ ತುದಿಗೆ ಅಂಟಿದರೆ ಹರಿಯುವ ವಿದ್ಯುತ್ತು ಬದಲಾಗುತ್ತದೆ; ಕಂಪ್ಯೂಟರಿನ ಪರದೆಯ ಮೇಲಿನ ಗೆರೆ ಬಾಗುತ್ತದೆ. ಇದಿನ್ನೂ ಪ್ರಯೋಗ, ರೋಗಿಗಳಿಗಲ್ಲ ಎಂದು ಅವರು ಹೇಳಿದರು. ನಾನು ಹಾಗೆಯೇ ಬರೆದೆ. ಡೆಸ್ಕಿನವರು ‘ಒಂದೇ ಹನಿ ರಕ್ತ: ಕ್ಯಾನ್ಸರ್ ಪತ್ತೆ’ ಎಂದು ಶೀರ್ಷಿಕೆ ಕೊಟ್ಟರು.

ಇಳಕಲ್ಲಿನಲ್ಲಿ ನನ್ನ ಕಾಕಾ, ಅಪ್ಪನ ತಮ್ಮ, ಸೀರೆ ನೇಯುತ್ತಿದ್ದ. ಅವನು ಬೀಡಿಯನ್ನು ಬಿಟ್ಟಿರಲಿಲ್ಲ, ಕೆಮ್ಮು ಅವನನ್ನು ಬಿಟ್ಟಿರಲಿಲ್ಲ. ಈಚೆಗೆ ಕಫದಲ್ಲಿ ರಕ್ತವೂ ಕಾಣಿಸಿತ್ತು. ಎದೆಯ ಎಕ್ಸ್‌ರೇ ತೆಗೆಸು ಎಂದು ಮನೆಯವರೆಲ್ಲ ಹೇಳಿ ಸೋತಿದ್ದರು. ಫೋಟೋ ತೆಗೆದವರು ಏನಾದರೊಂದು ಕಂಡೇ ಕಾಣುತ್ತಾರೆ ಎಂಬುದು ಅವನ ವಾದ. ಅವನು ಶೀರ್ಷಿಕೆ ಓದಿದ, ಸುದ್ದಿ ಓದಲಿಲ್ಲ. ಹುನಗುಂದದ ಮೇಲೆ ಹಾಯ್ದು ಬರುವ ಬಸ್ಸು ಹಿಡಿದು ನನ್ನ ಕಚೇರಿಗೆ ಬಂದು, ಒಂದು ಹನಿ ಕೊಟ್ಟು ಸಂಜೆಗೆ ಮನೆ ಸೇರುತ್ತೇನೆ ಎಂದ.

ನಾನು ಅವನನ್ನು ಕಾಲೇಜಿಗೆ ಕರೆದೊಯ್ದೆ. ಉಪನ್ಯಾಸಕಿ ಹನಿ ತೆಗೆದುಕೊಳ್ಳಲಿಲ್ಲ. ಅಷ್ಟು ದೂರದಿಂದ ಬಂದವನಿಗೆ ಕಡ್ಡಿ ಕೆಲಸ ಮಾಡುವುದನ್ನು ತೋರಿಸಲು ಮಾತ್ರ ಒಪ್ಪಿದರು. ಆ ಪ್ರೋಟೀನು ಬೆರೆಸಿದ ದ್ರಾವಣ ಬಟ್ಟಲಲ್ಲಿತ್ತು. ಅವರು ಕಂಪ್ಯೂಟರಿನ ಕಡೆ ತಿರುಗಿದಾಗ ಕಾಕಾ ಹಣೆಯ ವಿಭೂತಿಯನ್ನು ಬೆರಳಿಗೆ ಒರೆಸಿಕೊಂಡು ಕಡ್ಡಿಯ ತುದಿಗೆ ಹಚ್ಚಿದ. ಅವನ ಮನೆಯಲ್ಲಿ ಮಗ್ಗದ ಲಾಳಿಗೂ ವಿಭೂತಿ ಹಚ್ಚದೆ ದಿನದ ಕೆಲಸ ಶುರುವಾಗುತ್ತಿರಲಿಲ್ಲ. ಅದನ್ನು ನೋಡದ ಉಪನ್ಯಾಸಕಿ ಕಡ್ಡಿ ಅದ್ದಿದರು. ಬಾಗಬೇಕಿದ್ದ ಗೆರೆ ಬಾಗಲಿಲ್ಲ. ಬಟ್ಟಲಲ್ಲಿ ತನ್ನ ರಕ್ತವೇ ಇರದಿದ್ದರೂ ತನಗೆ ರೋಗವಿಲ್ಲ ಎಂದು ಕಾಕಾ ತೀರ್ಮಾನಿಸಿದ. ಅವರು ಕಡ್ಡಿ ಎತ್ತಿ ಬೆಳಕಿಗೆ ಹಿಡಿದರು.

“ಇದಕ್ಕೇನ ಹಚ್ಚೀರಿ, ಕಾಕಾ?”

“ವಿಭೂತಿರಿ, ಅಕ್ಕಾರ. ಕೆಲಸಾ ಚಲೋ ಆಗಲಿ ಅಂತ.”

ಲೇಪ ಹಾಳಾಗಿತ್ತು. ಆ ತುದಿ ಸಿದ್ಧಪಡಿಸಲು ವಾರ ಹಿಡಿದಿತ್ತು ಎಂದು ತಿಳಿದಾಗ ಕಾಕಾನ ಮುಖ ಇಳಿಯಿತು. ಅವನ ಓಣಿಯಲ್ಲಿ ಒಂದು ರೂಢಿ ಇತ್ತು: ಇನ್ನೊಬ್ಬರ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲನ್ನು, ಅಂದರೆ ಹಾಸನ್ನು, ಹರಿದವನು ಅವರು ಹೇಳಿದ ಕೆಲಸ ಮಾಡಿಕೊಡದೆ ಹೊಸ್ತಿಲು ದಾಟುವಂತಿಲ್ಲ. ಕಾಕಾ ಆ ರೂಢಿ ವಿವರಿಸಿ, ತಾನೇನು ಮಾಡಿಕೊಡಲಿ ಎಂದು ಕೇಳಿದ. ನೆಲ ಒರೆಸಲೂ ತಯಾರಿದ್ದ.

“ಎಕ್ಸ್‌ರೇ ತೆಗಿಸ್ಕೊಂಡ ಬಂದ ನನಗ ತೋರಸ್ರಿ,” ಎಂದರು ಉಪನ್ಯಾಸಕಿ.

“ಬ್ಯಾರೆ ಏನರ ಹೇಳ್ರಿ.”

“ಹಾಸ ಹರದವ್ರು ಕೆಲಸಾ ತಾವ ಆರಿಸ್ಕೋತಾರೇನ್ರಿ ನಿಮ್ಮ ಓಣ್ಯಾಗ?”

ಕಾಕಾ ನನ್ನ ಕಡೆ ನೋಡಿದ. ನಾನು ಪರದೆಯ ಕಡೆ ನೋಡಿದೆ.

ಎಕ್ಸ್‌ರೇಯಲ್ಲಿ ಕಲೆ ಕಂಡಿತು. ಕಫ ಪರೀಕ್ಷಿಸಿದ ವೈದ್ಯರು ಕ್ಷಯ ಎಂದರು, ಕ್ಯಾನ್ಸರ್ ಅಲ್ಲ. ತಿಂಗಳುಗಟ್ಟಲೆ ಗುಳಿಗೆ ನುಂಗಿ, ಗುಣವಾಗಿ, ಕಾಕಾ ಮಗ್ಗಕ್ಕೆ ಮರಳಿದ. ತನ್ನ ರೋಗವನ್ನು ಕಂಡುಹಿಡಿದದ್ದು ಬಾಗಲಕೋಟೆಯ ಆ ಕಡ್ಡಿಯೇ, ಅದೂ ವಿಭೂತಿ ಹಚ್ಚಿದ್ದಕ್ಕೆ, ಎಂದು ಇಳಕಲ್ಲಿನ ತುಂಬ ಹೇಳುತ್ತ ಬಂದ. ನಾನು ಹೋದಾಗಲೆಲ್ಲ ಓಣಿಯವರಿಗೆ ತಿದ್ದುಪಡಿ ಕೊಡುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು, ಚಹಾ ಕೊಡುತ್ತಿದ್ದರು, ಆಮೇಲೆ ಕಾಲೇಜಿನ ವಿಳಾಸ ಕೇಳುತ್ತಿದ್ದರು.