ಹಸಿರು ಸೀರೆಯ ಮೈ

ಜೇವರ್ಗಿ ತಾಲೂಕಿನಲ್ಲಿ ಸತ್ತ ಗಂಡಸರೆಲ್ಲ ಒಂದೇ ಕೋಟು ತೊಟ್ಟಿದ್ದಾರೆ. ಕಂದು ಬಣ್ಣದ್ದು, ಎಡಗಡೆ ಜೇಬಿನಲ್ಲಿ ಒಂದು ಪೆನ್ನು. ಹುಟ್ಟಿದಾಗಿನಿಂದ ಪೆನ್ನು ಹಿಡಿಯದವರ ಜೇಬಿನಲ್ಲೂ ಅದು ಇದೆ. ಅಳಿಸಲು ಹೋದರೆ ಅಲ್ಲೊಂದು ಕಲೆ ಉಳಿಯುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ಆಳಂದ, ಅಫಜಲಪುರ ಕಡೆಯ ಕೆಲವರೂ ಇದೇ ಕೋಟಿನಲ್ಲಿದ್ದಾರೆ. ಅವರ ಹೆಣ್ಣುಮಕ್ಕಳನ್ನು ನಮ್ಮ ಕಡೆ ಕೊಟ್ಟಿರುತ್ತಾರೆ, ಮತ್ತು ಸತ್ತವರ ಫೋಟೋ ಮಾಡಿಸಬೇಕೆಂಬ ನೆನಪು ಹೆಣ್ಣುಮಕ್ಕಳಿಗೇ ಇರುತ್ತದೆ. ನೀವು ಈ ಕಡೆ ಬಂದಾಗ ಯಾರ ಮನೆಗಾದರೂ ಹೋಗಿ ಗೋಡೆ ನೋಡಿ. ಹಾರದ ಹಿಂದೆ ಕಾಣುವ ಕೋಟು ನನ್ನದು. ಅಂದರೆ ನನ್ನ ಕಂಪ್ಯೂಟರಿನದು.

ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸ್ಟುಡಿಯೋ ಇದೆ. ಹಿಂದೆಯೇ ಮನೆ. ಎಲ್ಲರ ಕೈಗೂ ಫೋನು ಬಂದ ಮೇಲೆ ನಗುವವರು ನನ್ನಲ್ಲಿಗೆ ಬರುವುದನ್ನು ಬಿಟ್ಟರು. ಈಗ ಬರುವವರು ಮೂರು ನಮೂನೆ. ಸರಕಾರಕ್ಕೆ ಮುಖ ಕೊಡಬೇಕಾದವರು. ಅವರಿಗೆ ನಗಬೇಡಿ ಎನ್ನುತ್ತೇನೆ. ಕನ್ಯಾ ತೋರಿಸಬೇಕಾದವರು, ಅವರಿಗೆ ಸ್ವಲ್ಪ ನಗಿ ಎನ್ನುತ್ತೇನೆ. ಮೂರನೆಯವರು ಬರುವುದಿಲ್ಲ, ಅವರ ಮಕ್ಕಳು ಬರುತ್ತಾರೆ. ಒಮ್ಮೆ ಒಬ್ಬ ಮಗ ತಂದೆಯ ನಗುಮುಖದ ಫೋಟೋ ತಂದು, "ಕಾಕಾ, ಇದ್ರಾಗ ಜರಾ ನಗಿ ಕಮ್ಮಿ ಮಾಡ್ರಿ. ಸತ್ತಾಂವ ಗ್ವಾಡಿ ಮ್ಯಾಗ ಕುಂತು ಹಲ್ಲು ಕಿಸದ್ರ ಮಂದಿ ಏನಂತಾರ?" ಎಂದ. ನಾನು ತುಟಿ ಸೇರಿಸಿ ಕೊಟ್ಟೆ. ಭಾವಚಿತ್ರದಲ್ಲಿ ಭಾವ ಮುಖ್ಯ ಎಂದು ಕಲಿತವರು ಹೇಳುತ್ತಾರೆ. ನನ್ನ ಅಂಗಡಿಯಲ್ಲಿ ಭಾವ ಉಪಯೋಗದ ಹಿಂದೆ ನಡೆಯುತ್ತದೆ, ಎತ್ತಿನ ಹಿಂದೆ ಬಂಡಿ ನಡೆದಂತೆ.

ಗಂಡಸರಿಗೆ ಕೋಟು ಇದ್ದಂತೆ ಹೆಂಗಸರಿಗೆ ಒಂದು ಹಸಿರು ಸೀರೆ ಇದೆ. ಇಳಕಲ್ ಸೀರೆ, ಕೆಂಪು ಸೆರಗು. ಮೊಣಕಾಲ ಮೇಲೆ ಇಟ್ಟ ಎರಡು ಕೈ, ಕೈತುಂಬ ಹಸಿರು ಗಾಜಿನ ಬಳೆ. ವಿಧವೆಯಾಗಿ ತೀರಿಕೊಂಡವರ ಮನೆಯವರು ಕೇಳಿದರೆ ಬಳೆ ತೆಗೆಯುತ್ತೇನೆ. ಹೆಚ್ಚಿನವರು ಕೇಳುವುದಿಲ್ಲ, ಇರಲಿ ಬಿಡ್ರಿ ಎನ್ನುತ್ತಾರೆ. ಆ ಮೈ ನನ್ನ ಹೆಂಡತಿ ಕಸ್ತೂರಿಯದು.

ಅದು ಹೀಗಾಯಿತು. ಕಂಪ್ಯೂಟರ್ ಹೊಸದಾಗಿ ಬಂದ ಕಾಲ. ಒಬ್ಬಳು ತನ್ನ ತಾಯಿಯ ಫೋಟೋ ತಂದಿದ್ದಳು: ತಾಯಿ ಹೊಲದಲ್ಲಿ ಕುಡುಗೋಲು ಹಿಡಿದು ನಿಂತಿದ್ದಳು, ರವಿಕೆಯ ತೋಳು ಹರಿದಿತ್ತು. "ಮುಖ ಇರ್ಲಿ, ಮೈ ಛಲೋದು ಹಾಕ್ರಿ," ಎಂದಳು. ಛಲೋ ಮೈ ಎಲ್ಲಿಂದ ತರುವುದು? ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಒಳಗಿನಿಂದ ಕಸ್ತೂರಿ ಬಂದು, "ನಂದು ತಗೊಳ್ರಿ. ಅದೇನ್ ಸವೀತದೇನು?" ಎಂದಳು. ಮದುವೆಯ ಸೀರೆ ಉಟ್ಟು ಸ್ಟೂಲಿನ ಮೇಲೆ ಕುಳಿತಳು. ನಾನು ಫೋಟೋ ತೆಗೆದೆ, ಕುತ್ತಿಗೆಯ ಮೇಲಿನದನ್ನು ಕತ್ತರಿಸಿದೆ, ಉಳಿದುದನ್ನು ಇಟ್ಟುಕೊಂಡೆ.

ಆ ಫೋಟೋ ತೆಗೆಯುವಾಗ ಅವಳು ನಗುತ್ತಿದ್ದಳು ಎಂದು ನನ್ನ ನೆನಪು. ಅವಳನ್ನು ಕೇಳಿದರೆ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಉಕ್ಕುತ್ತದೆಂದು ನಿಮ್ಮನ್ನು ಬೈಯುತ್ತಿದ್ದೆ ಎನ್ನುತ್ತಾಳೆ. ಯಾರದು ಖರೆ? ತಲೆಯಿದ್ದ ಮೂಲ ಫೋಟೋ ಈಗ ಇಲ್ಲ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದೂ ನನ್ನ ಅಂಗಡಿಯಲ್ಲೇ ಕೆಲಸ ಕಲಿತದ್ದು: ಬೇಡದ್ದನ್ನು ಕತ್ತರಿಸುತ್ತದೆ, ಹಿಂದೆ ನೀಲಿ ತುಂಬುತ್ತದೆ, ತುಟಿಯನ್ನು ಗಿರಾಕಿಗೆ ಬೇಕಾದಂತೆ ಜೋಡಿಸುತ್ತದೆ. ಇಲ್ಲಿ ಗಿರಾಕಿ ನಾನೇ.

ಆಮೇಲೆ ಕಸ್ತೂರಿ ಊರೂರು ತಿರುಗಿದಳು. ನಾನು ಕೈಯ ಬಣ್ಣವನ್ನು ಪ್ರತಿ ಮುಖಕ್ಕೆ ತಕ್ಕಂತೆ ಬದಲಿಸುತ್ತಿದ್ದೆ. ಒಂದು ಮನೆಯಲ್ಲಿ ಅವಳು ಗೋಧಿ ಬಣ್ಣ, ಇನ್ನೊಂದರಲ್ಲಿ ಎಳ್ಳಿನ ಬಣ್ಣ. ಮಣ್ಣೂರಿನಲ್ಲಿ ಒಂದು ಲಗ್ನಕ್ಕೆ ಹೋದಾಗ ಗೋಡೆಯ ಮೇಲೆ ತನ್ನನ್ನೇ ನೋಡಿ ನನ್ನ ತೋಳು ಚಿವುಟಿದಳು: "ನೋಡ್ರಿ, ಇವ್ರ ಮನ್ಯಾಗ ನಾ ಎಷ್ಟ್ ದೊಡ್ಡಾಕಿ ಆಗೇನಿ. ದಿನಾ ಊದುಬತ್ತಿ." ನಮ್ಮನ್ನು ಕಟ್ಟೆಯ ಮೇಲೆಯೇ ಕೂರಿಸಿ ಚಹಾ ಕೊಡುವ ಮನೆಗಳಿವೆ. ಅಂಥ ಮನೆಗಳಲ್ಲೂ ಅವಳು ದೇವರ ಕೋಣೆಯ ಪಕ್ಕದ ಗೋಡೆಯಲ್ಲಿ ಕುಳಿತಿದ್ದಾಳೆ. ಇದನ್ನು ಹೇಳಿಕೊಂಡು ಅವಳು ಬಹಳ ನಕ್ಕಿದ್ದಾಳೆ. ನಾನು ಅಷ್ಟು ನಕ್ಕಿಲ್ಲ.

ಭೀಮೆಯ ದಂಡೆಯ ಊರುಗಳಲ್ಲಿ ಹಳೆಯ ವೀರಗಲ್ಲುಗಳು ಬಿದ್ದಿರುತ್ತವೆ. ಕೆಲಸವಿಲ್ಲದ ದಿನ ಹೋಗಿ ಅವುಗಳ ಮುಂದೆ ಕೂರುವುದು ನನ್ನ ಚಟ. ಸತ್ತ ವೀರರಿಗೆಲ್ಲ ಹೆಚ್ಚು ಕಡಿಮೆ ಒಂದೇ ಮುಖ, ಒಂದೇ ಕುದುರೆ, ಎರಡೂ ಕಡೆಯಿಂದ ಸ್ವರ್ಗಕ್ಕೆ ಎತ್ತಿಕೊಂಡು ಹೋಗುವ ಅದೇ ಹೆಂಗಸರು. ಆ ಕಲ್ಲುಕುಟಿಗನೂ ನನ್ನ ಹಾಗೆ ಒಂದೇ ಕೋಟು ಇಟ್ಟುಕೊಂಡಿದ್ದ. ಮಾಸ್ತಿಕಲ್ಲಿನ ಕೆಲಸಗಾರ ಇನ್ನೂ ಮುಂದೆ ಹೋದ. ಕೆಲವು ಕಲ್ಲುಗಳಲ್ಲಿ ಅವನು ಹೆಂಗಸಿನ ಮುಖ ಕೆತ್ತುವ ಗೋಜಿಗೇ ಹೋಗಿಲ್ಲ. ಒಂದು ಕಂಬ, ಅದರಿಂದ ಮೇಲೆದ್ದ ಬಳೆ ತೊಟ್ಟ ಒಂದು ಕೈ. ಗಂಡನ ಚಿತೆಯಲ್ಲಿ ಸುಟ್ಟುಹೋದವಳು ಯಾರು, ಹೇಗಿದ್ದಳು, ಗೊತ್ತಿಲ್ಲ. ಕೈ ಇದೆ. ಆ ಕಲ್ಲನ್ನು ಮೊದಲು ನೋಡಿದಾಗ ಕಲೆಗಾರಿಕೆ ಎಂದುಕೊಂಡೆ. ಈಗ ಅದರ ಮುಂದೆ ಕೂರಲು ಹೆದರಿಕೆಯಾಗುತ್ತದೆ.

ಯಾಕೆಂದರೆ ಕಸ್ತೂರಿಯ ಮೂತ್ರಪಿಂಡಗಳು ಕೈಬಿಟ್ಟಿವೆ. ಡಯಾಲಿಸಿಸ್‌ಗೆ ಕಲಬುರಗಿಗೆ ಹೋಗಿ ಬರುತ್ತೇವೆ. ಮುಂದೆ ಏನು ಎಂದು ಕೇಳಿದಾಗ ಡಾಕ್ಟರು ಫೈಲು ಮುಚ್ಚಿ ನನ್ನ ಕೈಗೆ ಕೊಟ್ಟರು. ಅವಳ ಮುಖ ಬೆಳಿಗ್ಗೆ ಊದಿರುತ್ತದೆ, ಆಸ್ಪತ್ರೆಯಿಂದ ಬರುವಾಗ ಇಳಿದು ಬೇರೆಯವರ ಮುಖವಾಗಿರುತ್ತದೆ. ಮನುಷ್ಯನಿಗೆ ಒಂದು ಮುಖ ಇರುತ್ತದೆ ಎಂಬ ಭರವಸೆಯ ಮೇಲೆ ನನ್ನ ಧಂದೆ ನಿಂತಿದೆ. ಅದೇ ಕುಸಿದಿದೆ.

ಒಂದು ಫೋಟೋ ಬೇಕು ಅನ್ನಿಸಿತು. ಫೋನಿನಲ್ಲಿ ಅವಳು ಇಲ್ಲವೆಂದಲ್ಲ. ಇದ್ದಾಳೆ: ಅನ್ನ ಬಡಿಸುತ್ತಾ ಬಗ್ಗಿದವಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡವಳು, ಫೋಟೋದಿಂದ ಅರ್ಧ ಹೊರಗೆ ಹೋದವಳು. ಬೇರೆಯವರ ಮಕ್ಕಳು ಇಂಥವನ್ನೇ ತರುತ್ತಾರೆ, ಇದರಿಂದಲೇ ತಲೆ ತೆಗೆದು ಹಸಿರು ಸೀರೆಯ ಮೇಲೆ ಕೂರಿಸಿ ಕೊಡುತ್ತೇನೆ, ಅವರು ಕೈ ಮುಗಿದು ಹೋಗುತ್ತಾರೆ. ನನಗೆ ಮಾತ್ರ ಅದು ಸಾಲದು. ಅವಳದೇ ಮೈಗೆ ಅವಳದೇ ತಲೆಯನ್ನು ಅಂಟಿಸಿದಂತಾಗುತ್ತದೆ. ಅದಕ್ಕಿಂತ ಸುಳ್ಳು ಫೋಟೋ ಇನ್ನೊಂದು ಇರಲಾರದು.

ಒಂದು ದಿನ ಮಧ್ಯಾಹ್ನ ದೀಪಗಳನ್ನು ಸರಿಮಾಡಿ ಕರೆದೆ. "ಬಾ ಬೇ, ಬೆಳಕು ಛಲೋ ಅದ. ಒಂದು ತೆಗೀತೇನಿ."

ಅವಳು ಸ್ಟೂಲನ್ನು ನೋಡಿದಳು. ವಯಸ್ಸಾದವರನ್ನು, ಕಾಯಿಲೆಯವರನ್ನು ಆ ಸ್ಟೂಲಿನ ಮೇಲೆ ಒಂಟಿಯಾಗಿ ಯಾಕೆ ಕೂರಿಸುತ್ತಾರೆಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಎಷ್ಟೋ ಮುದುಕಿಯರಿಗೆ, ಇದು ರೇಷನ್ ಕಾರ್ಡಿಗೆ ಎಂದು ಸುಳ್ಳು ಹೇಳಿ ತಲೆ ಬಾಚಿದವಳು ಅವಳೇ.

"ಯಾತಕ್ಕ? ರೇಷನ್ ಕಾರ್ಡಿಗೇನು?" ಎಂದಳು.

ನಾನು ಬಗ್ಗಿ ಸ್ಟೂಲಿನ ಧೂಳು ಒರೆಸಿದೆ.

"ನಾ ಕೂಡಂಗಿಲ್ರಿ. ಮೂರು ತಾಲೂಕಿನ ಗ್ವಾಡಿ ಮ್ಯಾಗ ಕುಂತು ಸಾಕಾಗೇದ," ಎಂದು ಒಳಗೆ ಹೋದಳು.

ಇದಾದ ಕೆಲವು ದಿನಗಳಿಗೆ ಮಣ್ಣೂರಿನ ಭೀಮರಾಯ ಎಂಬವನು ಬಂದ. ಟ್ರ್ಯಾಕ್ಟರ್ ಓಡಿಸುವ ಗಟ್ಟಿ ಆಳು. ಜೇವರ್ಗಿಯಲ್ಲಿ ಅವನ ಅಕ್ಕನ ಮನೆಯಿದೆ. ತಾಯಿ ತೀರಿಕೊಂಡಿದ್ದಳು, ತಿಥಿಯ ದಿವಸಕ್ಕೆ ಫೋಟೋ ಬೇಕಿತ್ತು. ಅವನ ಫೋನಿನಲ್ಲಿ ಅವಳು ಯಾವುದೋ ಊಟದ ಪಂಕ್ತಿಯಲ್ಲಿ ಬಾಯಿತುಂಬ ಹೋಳಿಗೆ ಇಟ್ಟುಕೊಂಡು ಕುಳಿತಿದ್ದಳು. "ಇದೊಂದೇ ಅದರಿ," ಎಂದ.

ನಾನು ಹಸಿರು ಸೀರೆಯನ್ನು ತೆರೆದೆ. ತಲೆಯಿಲ್ಲದ ಕಸ್ತೂರಿ ಪರದೆಯ ತುಂಬ ಬಂದು ಕುಳಿತಳು. ದುಂಡನೆಯ ಭುಜ, ತುಂಬಿದ ಕೈ. ಎಷ್ಟು ವರ್ಷದಿಂದ ತೆರೆಯುತ್ತಿದ್ದೇನೆ. ಅವತ್ತು ಆ ಕುತ್ತಿಗೆಯ ಮೇಲಿನ ಖಾಲಿ ಜಾಗ ನೋಡಿದವನಿಗೆ ಅಲ್ಲಿ ಇನ್ನೊಬ್ಬರನ್ನು ತಂದಿಡಲು ಬೆರಳು ಏಳಲಿಲ್ಲ.

ಕಸ್ತೂರಿ ಚಹಾ ತಂದವಳು ನನ್ನ ಬೆನ್ನ ಹಿಂದೆ ನಿಂತಳು. "ಎಷ್ಟ್ ದಪ್ಪ ಇದ್ನಿ ನೋಡ್ರಿ," ಎಂದು ಮೆಲ್ಲಗೆ ಅಂದಳು. ಆಮೇಲೆ, "ಇಡ್ರಿ, ಇಡ್ರಿ. ಪಾಪ, ಅಂವ ಕಾಯಾಕತ್ತಾನ."

ಇಟ್ಟೆ. ಹೋಳಿಗೆಯ ಗಲ್ಲ ಇಳಿಸಿದೆ, ಬಾಯಿ ಮುಚ್ಚಿದೆ, ಬಣ್ಣ ಹೊಂದಿಸಿದೆ. ಭೀಮರಾಯ ಬಗ್ಗಿ ಬಹಳ ಹೊತ್ತು ನೋಡಿದ.

"ಮಾರಿ ಜರಾ ಫರಕ್ ಅನಸ್ತದರಿ," ಎಂದ. ನಂತರ ಬೆರಳನ್ನು ಪರದೆಯ ಕೆಳಭಾಗಕ್ಕೆ ತಂದು, ಮುಟ್ಟದೆ ನಿಲ್ಲಿಸಿದ. "ಕೈ ಮಾತ್ರ ಬರೋಬ್ಬರಿ ಅವ. ಇವು ನಮ್ಮವ್ವನ ಕೈನೇ. ಇವೇ ಕೈಲೆ ಉಣಸ್ತಿದ್ಲು." ಅಷ್ಟು ದೊಡ್ಡ ಮನುಷ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಫೋಟೋದಲ್ಲಿ ನಿಜವಾಗಿದ್ದದ್ದು ಮುಖ ಒಂದೇ. ಅದು ಅವನಿಗೆ ಫರಕ್ ಅನ್ನಿಸಿತು. ನಾನು ಕಸ್ತೂರಿಯ ಕಡೆ ತಿರುಗಿದೆ. ಚಹಾದ ತಟ್ಟೆ ಹಿಡಿದ ಅವಳ ಕೈ ಬಾತಿತ್ತು, ಸೂಜಿ ಚುಚ್ಚಿದಲ್ಲಿ ಪಟ್ಟಿ ಅಂಟಿಸಿತ್ತು, ಬಳೆ ಏರುತ್ತಿರಲಿಲ್ಲವೆಂದು ತೆಗೆದಿಟ್ಟಿದ್ದಳು.

"ಹೌದಪ್ಪ, ನಿಮ್ಮವ್ವನವೇ," ಎಂದಳು ಅವಳು. "ಚಾ ಕುಡಿ, ಆರ್ತದ."

ಅವನು ಹೋದ ಮೇಲೆ ನಾನು ಮತ್ತೆ ಫೋಟೋದ ಮಾತು ತೆಗೆದೆ. "ನನಗೂ ಒಂದು ಇರ್ಲಿ ಕಸ್ತೂರಿ."

"ಏನು ಇರ್ಲಿ? ಮಾರಿ? ಇಲ್ಲೇ ಅದಲ್ಲ. ಕ್ಯಾಮೆರಾ ಇಲ್ದ ನೋಡಾಕ ಬರಂಗಿಲ್ಲೇನು ನಿಮಗ? ನೋಡ್ರಿ," ಎಂದು ಆ ಸ್ಟೂಲಿನ ಮೇಲೆಯೇ ಕುಳಿತಳು.

ಇಲ್ಲಿ ನಾನು ನೋಡಿದೆ, ಕಣ್ಣು ತುಂಬಿತು ಎಂದು ಬರೆದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಹಾಗಾಗಲಿಲ್ಲ. ನೋಡಿದೆ. ಎಡಗಣ್ಣಿನ ಕೆಳಗೆ ನೆರಳು ಹೆಚ್ಚಾಗಿದೆ ಅನ್ನಿಸಿತು. ಗದ್ದ ಸ್ವಲ್ಪ ಎತ್ತಬೇಕು, ಹಣೆಯ ಹೊಳಪು ಇಳಿಸಬೇಕು ಅನ್ನಿಸಿತು. ಅವಳನ್ನು ಹುಡುಕಿದೆ, ಕಂಡದ್ದು ತಿದ್ದಬೇಕಾದ ಕೆಲಸ. ಅವಳು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದು, "ಆತೇನು?" ಎಂದಳು. ಆಯಿತು ಎಂದೆ. ಎದ್ದು ಹೋದಳು. ಆ ಮುಖದಲ್ಲಿ ಏನಿತ್ತು ಎಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಹೀಗಾಗಿ ನಮ್ಮ ಮನೆಯ ಗೋಡೆಗೆ ಏನೂ ಬರುವುದಿಲ್ಲ. ಮೊಳೆಯನ್ನೂ ಹೊಡೆಯುವುದಿಲ್ಲ. ಮುಂದೆ ನೋಡಬೇಕೆನಿಸಿದರೆ ಬಸ್ಸು ಹತ್ತಿ ಬೇರೆಯವರ ಮನೆಗೆ ಹೋಗಬೇಕು. ಹೋದ ತಿಂಗಳು ಖಜೂರಿಯಲ್ಲಿ ಒಂದು ಕೆಲಸವಿತ್ತು. ಹಳೆಯ ಗಿರಾಕಿಯ ಮನೆಯಲ್ಲಿ ಒಳಗೆ ಕರೆದು ಕೂರಿಸಿದರು. ಎದುರಿನ ಗೋಡೆಯಲ್ಲಿ ಅವರ ತಾಯಿ, ಹಾರ, ಹಸಿರು ಸೀರೆ. ಚಹಾ ಬರುವ ತನಕ ಅಭ್ಯಾಸ ಮಾಡಿ ನೋಡಿದೆ: ಒಂದು ಕಣ್ಣು ಮುಚ್ಚಿ, ತೋಳು ಚಾಚಿ, ಹೆಬ್ಬೆರಳನ್ನು ಆ ತಾಯಿಯ ಮುಖದ ಮೇಲೆ ಬರುವಂತೆ ಹಿಡಿದೆ. ಮುಖ ಮರೆಯಾಯಿತು. ಭುಜ ಉಳಿಯಿತು, ಕೈ ಉಳಿಯಿತು, ಬಳೆ ಉಳಿಯಿತು. ಹೆಬ್ಬೆರಳಿನ ಹಿಂದೆ ಅವಳು ನಗುತ್ತಿದ್ದಳೋ, ಹಾಲು ಉಕ್ಕುತ್ತದೆಂದು ಬೈಯುತ್ತಿದ್ದಳೋ.

"ಫೋಟೋದವ್ರು ಅಳತಿ ನೋಡಾಕತ್ತಾರ," ಎಂದ ಮನೆಯ ಯಜಮಾನ, ಹೆಂಡತಿಗೆ.

ಹೌದು ಎಂದೆ. ಫೋಟೋ ಸ್ವಲ್ಪ ಎಡಕ್ಕೆ ವಾಲಿದೆ ಎಂದೆ. ಪಾಪ, ಅವರು ಎದ್ದು ನೆಟ್ಟಗೆ ಮಾಡಿದರು.