ಗಾಜನೂರಿನ ಗದ್ದೆ ಬರೆದುಕೊಟ್ಟವರು

ಭಾನುವಾರ ಬಂತೆಂದರೆ ಅಪ್ಪ ಗಾಜನೂರಿನ ಬಸ್ಸು ಹತ್ತುತ್ತಿದ್ದ. ಬೇರೆಯವರು ಅಲ್ಲಿಗೆ ಹೋಗುತ್ತಿದ್ದುದು ಡ್ಯಾಮ್ ನೋಡಲು. ಅಪ್ಪ ಹೋಗುತ್ತಿದ್ದುದು ಇನ್ನೊಬ್ಬರ ಗದ್ದೆಯ ಬದುವಿನ ಮೇಲೆ ನಿಂತು ಸಿಟ್ಟು ಮಾಡಿಕೊಂಡು ಬರಲು. ಆ ಗದ್ದೆ ಒಂದು ಕಾಲಕ್ಕೆ ನಮ್ಮದಾಗಿತ್ತಂತೆ. ಅಪ್ಪನ ತಂದೆ ಸತ್ತಾಗ ಅಪ್ಪನಿಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಆಗ ಅಜ್ಜಿಯ ತಮ್ಮ, ಅಂದರೆ ಅಪ್ಪನ ಸೋದರಮಾವ, ಗದ್ದೆ ಮಾರಿ ನುಂಗಿ ನೀರು ಕುಡಿದ ಎನ್ನುವುದು ಅಪ್ಪನ ವಾದ. ನಾವು ಮಕ್ಕಳು ಮಗ್ಗಿ ಕಲಿಯುವುದಕ್ಕೆ ಮೊದಲೇ ಅದನ್ನು ಕಲಿತಿದ್ದೆವು.

ಆ ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಗಂಡ ಸತ್ತ ಅಕ್ಕನನ್ನೂ ಅವಳ ಮಗನನ್ನೂ ತಮ್ಮ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು ಸಾಕಿದರು. ಅಪ್ಪ ಶಾಲೆಗೆ ಹೋಗಿದ್ದು, ಓಣಿಯ ಹುಡುಗರಿಂದ ತಮಿಳಿನಲ್ಲಿ ಬೈಯಲು ಕಲಿತದ್ದು ಎಲ್ಲ ಅಲ್ಲೇ. ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿದ್ದೇ ತಾಯಿಯನ್ನು ಕರೆದುಕೊಂಡು ಬಂದ ಅಪ್ಪ, ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಜ್ಜಿ ತೀರಿಕೊಂಡ ದಿನ ಮಾವ, ಅಳಿಯ ಇಬ್ಬರೂ ಒಂದೇ ಗುಂಡಿಗೆ ಮಣ್ಣು ಹಾಕಿದರು, ಮಾತಾಡಲಿಲ್ಲ. ನನ್ನ ಮದುವೆಗೂ ಅಪ್ಪ ಅವರನ್ನು ಕರೆಯಲಿಲ್ಲ.

"ಉಂಡ ಮನೆ ಜಂತೆ ಎಣಿಸ್ತೀರಲ್ಲ ಮಾರಾಯ್ರೆ," ಎಂದು ಅಮ್ಮ ಆಗಾಗ ಚುಚ್ಚುತ್ತಿದ್ದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ತೊಂಬತ್ತರ ದಶಕದ ಕೊನೆಗೆ ಅಪ್ಪ ರಿಟೈರ್ ಆದ. ಅಲ್ಲಿಯವರೆಗೆ ವಾರಕ್ಕೊಮ್ಮೆ ಬರುತ್ತಿದ್ದ ಸಿಟ್ಟು ಈಗ ದಿನಾ ಬರತೊಡಗಿತು. ಗೋಪಾಳದ ಮನೆಯ ಗೇಟಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಗೇಟಿಗೆ ಓಡಾಟ. ಅದೇ ಹೊತ್ತಿಗೆ ಭದ್ರಾವತಿಯ ನೆಂಟರೊಬ್ಬರು ಬಂದು, ಮಾವನಿಗೆ ಕಣ್ಣು ಪೂರಾ ಮಂಜಾಗಿದೆ, ಊಟವೂ ಅಷ್ಟಕ್ಕಷ್ಟೆ, ಅಳಿಯನನ್ನು ಕೇಳುತ್ತಿರುತ್ತಾರೆ ಎಂದು ಹೇಳಿ ಹೋದರು. ಅಪ್ಪನ ಗುಣವೇ ನನಗೂ ಬಂದಿದೆ, ಕುಂತಲ್ಲಿ ಕೂರಲಾಗುವುದಿಲ್ಲ. ಆ ಮುದುಕ ಸಾಯುವ ಮೊದಲು ಇದು ನಿಜವೋ ಸುಳ್ಳೋ ತಿಳಿಯಲೇಬೇಕು ಎನ್ನಿಸಿತು. ಗದ್ದೆ ಮಾರಿದ ಕ್ರಯಪತ್ರದ ನಕಲು ತೆಗೆಸಿಯೇ ಸೈ ಎಂದು ಹೊರಟೆ.

ಹಳೆಯ ಪತ್ರ ಹುಡುಕಬೇಕಾದರೆ ಅದನ್ನು ಬರೆದುಕೊಟ್ಟವರ, ಅಂದರೆ ಮಾರಿದವರ, ಹೆಸರು ಬೇಕು. ನಾನು ಮಾವನ ಹೆಸರು ಕೊಟ್ಟೆ. ಸಿಗಲಿಲ್ಲ. ಅಜ್ಜನ ಹೆಸರು ಕೊಟ್ಟೆ, ಅಜ್ಜನ ಅಣ್ಣತಮ್ಮಂದಿರ ಹೆಸರು ಕೊಟ್ಟೆ. ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕಾದು ಕಾದು ತಲೆ ಕೆಟ್ಟುಹೋಯಿತು. ನಮ್ಮ ಮನೆಯಲ್ಲಂತೂ ಒಂದು ಚೂರು ಕಾಗದವೂ ಉಳಿದಿರಲಿಲ್ಲ.

ಆಗ ಹೊಳೆದದ್ದು ಚೆಕ್ಕುಬಂದಿ. ಯಾವ ಜಮೀನಿನ ಪತ್ರದಲ್ಲೂ ಅದರ ನಾಲ್ಕು ದಿಕ್ಕಿಗೆ ಯಾರ ಯಾರ ಜಮೀನಿದೆ ಎಂದು ಬರೆದಿರುತ್ತಾರೆ. ನಮ್ಮ ಕಾಗದ ನಮ್ಮ ಹತ್ತಿರ ಇಲ್ಲದಿದ್ದರೇನು, ಪಕ್ಕದವರ ಕಾಗದದಲ್ಲಿ ನಾವು ಒಂದು ದಿಕ್ಕಾಗಿಯಾದರೂ ಇರಬೇಕಲ್ಲ. ಪಕ್ಕದ ಗದ್ದೆ ಒಂದು ಸಾಬರ ಮನೆಯವರದು. ಅವರ ಮನೆಯ ಹೆಂಗಸು ನನ್ನನ್ನು ಒಳಗೆ ಕೂರಿಸಿ, "ಬದು ಮೇಲೆ ಬಂದು ನಿಂತ್ಕೊಳ್ತಾರಲ್ಲ, ಆ ಯಜಮಾನ್ರ ಮಗಳಾ ನೀವು? ಒಂದಿನಾನೂ ಚಾ ಕುಡೀರಿ ಅಂದ್ರೆ ಬರಲ್ಲ ಅವರು," ಎನ್ನುತ್ತ ಟ್ರಂಕಿನಿಂದ ಪತ್ರ ತೆಗೆದುಕೊಟ್ಟಳು. ಪೂರ್ವಕ್ಕೆ ದಾರಿ, ದಕ್ಷಿಣಕ್ಕೆ ಹಳ್ಳ. ಉತ್ತರಕ್ಕೆ ಮೈನರ್ ಇಂಥವನ ಗದ್ದೆ ಎಂದಿತ್ತು. ಆ ಮೈನರ್ ನಮ್ಮಪ್ಪ.

ಅಜ್ಜ ಸತ್ತ ಮೇಲೆ ಗದ್ದೆ ಅಪ್ಪನ ಹೆಸರಿಗೇ ಬಂದಿತ್ತು. ಅಂದ ಮೇಲೆ ಬರೆದುಕೊಡಬೇಕಾದವನೂ ಅವನೇ. ಕಳೆದುಕೊಂಡವನ ಹೆಸರನ್ನು ಮಾರಿದವರ ಸಾಲಿನಲ್ಲಿ ಹುಡುಕಬೇಕೆಂದು ಯಾರಿಗೆ ತೋಚುತ್ತದೆ? ಅಪ್ಪನ ಹೆಸರು ಕೊಟ್ಟ ಮೇಲೆ ಪತ್ರ ಸಿಕ್ಕಿತು. ಬರೆದುಕೊಟ್ಟವರು ಮೈನರ್ ನಮ್ಮಪ್ಪ, ಅವನ ಪರವಾಗಿ ಪೋಷಕಿ ತಾಯಿ. ಕಾರಣ, ಸಂಸಾರದ ಜರೂರು. ಕೆಳಗೆ ಅಜ್ಜಿಯ ಎಡಗೈ ಹೆಬ್ಬೆಟ್ಟು. ಮಾವನ ಹೆಸರು ಸಾಕ್ಷಿಯ ಜಾಗದಲ್ಲಿ ಕೂಡ ಇರಲಿಲ್ಲ. ಅದನ್ನು ಓದಿ ನನಗೆ ಖುಷಿಯೇನೂ ಆಗಲಿಲ್ಲ. ಮನೆಗೆ ಹೇಗೆ ತೆಗೆದುಕೊಂಡು ಹೋಗಲಿ ಎಂದು ಹೆದರಿಕೆಯಾಯಿತು.

ಅಪ್ಪ ನಿಂತುಕೊಂಡೇ ಓದಿದ. "ಸುಳ್ಳು," ಎಂದ. ಗೇಟಿನವರೆಗೆ ಹೋಗಿ ಬಂದು ಇನ್ನೊಮ್ಮೆ ಓದಿದ. ಮರುದಿನ ಬೆಳಿಗ್ಗೆ ನಾನು ಹೋದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದ. "ಭದ್ರಾವತಿಗೆ ಹೋಗಣ, ನಡಿ," ಎಂದ.

ಮಾವ ಹಳೇ ನಗರದ ಒಂದು ಸಣ್ಣ ಮನೆಯಲ್ಲಿ ಮಗನ ಜೊತೆ ಇದ್ದರು. ಅಪ್ಪನ ಕೆಮ್ಮು ಕೇಳಿಯೇ ಗುರುತು ಹಿಡಿದು, "ಬಂದ್ಯಾ? ಕೂತ್ಕೋ," ಎಂದರು. ಅಪ್ಪ ಕೂರಲಿಲ್ಲ. ಅಷ್ಟೂ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದ.

"ಹೌದು, ಅಕ್ಕನೇ ಮಾರಿದ್ದು," ಎಂದರು ಮಾವ. "ಆ ದಾಯಾದಿಗಳ ಮಧ್ಯೆ ಬಾಳಕ್ಕಾಗಲ್ಲ, ಎಲ್ಲಾ ಮಾರಿ ಬಂದ್ಬಿಡ್ತೀನಿ ಅಂದ್ಲು. ಬೇಡ ಅಂದೆ. ಕೇಳೋ ಪೈಕಿನಾ ಅವ್ಳು?"

"ನಾನು ಇಷ್ಟು ವರ್ಷ ಊರೆಲ್ಲಾ ನಿನ್ನ ಬೈಕೊಂಡು ತಿರುಗಿದ್ನಲ್ಲ ಮಾವ. ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ?"

"ಹೇಳಿದ್ರೆ ನೀನು ಅವ್ಳನ್ನ ಬೈತಿದ್ದೆ," ಎಂದರು ಮಾವ. "ನಾನಾದ್ರೆ ಇಲ್ಲಿದ್ದೆ, ನಿನ್ ಮಾತು ಕಿವಿಗೆ ಬೀಳ್ತಿರ್ಲಿಲ್ಲ. ಅವ್ಳು ನಿನ್ ಮನೇಲೇ ಅನ್ನ ಉಣ್ಬೇಕಿತ್ತಲ್ಲಪ್ಪ."

ಅಪ್ಪ ಆಗ ಕೂತ. ಮಾವನ ಮಂಚದ ಮೇಲೆಯೇ ಕೂತು ಅವರ ಮೊಣಕಾಲು ಹಿಡಿದುಕೊಂಡ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡಿದರು. ನಾನು ಅಡುಗೆಮನೆಯಲ್ಲಿ ಮುಖ ತೊಳೆದುಕೊಂಡೆ, ಅತ್ತದ್ದು ಕಾಣಬಾರದೆಂದು.

ಎಲ್ಲ ಮುಗಿಯಿತು ಎಂದುಕೊಂಡು ವಾಪಸು ಬಸ್ಸು ಹತ್ತಿದರೆ, ಊರು ದಾಟುವಷ್ಟರಲ್ಲೇ ಅಪ್ಪ ಶುರು ಮಾಡಿದ. "ಎಂಥ ಹೆಂಗಸಿರ್ಬೇಕು ಅವ್ಳು. ಮಗುವಿನ ಹೆಸರಲ್ಲಿ ಮಾರಿ, ದೇವರಂಥ ತಮ್ಮನ ತಲೆಗೆ ಕಟ್ಟಿ, ನನ್ನ ಮನೇಲೇ ಕೂತ್ಕೊಂಡು..." ದನಿ ಏರುತ್ತಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅಷ್ಟು ವರ್ಷ ಮಾವ ಅಜ್ಜಿಯ ಮೇಲೆ ಬೀಳಗೊಡದೆ ತಡೆದಿದ್ದ ಮಾತುಗಳೆಲ್ಲ ಈಗ ಒಂದೊಂದಾಗಿ ಬರತೊಡಗಿದ್ದವು. ನನಗೆ ತಡೆಯಲಾಗಲಿಲ್ಲ.

"ಬೈಯೋದಾದ್ರೆ ನನ್ನ ಬೈಯಿ ಅಪ್ಪ. ಆ ಕಾಗದ ತಂದವಳು ನಾನು."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಶಿವಮೊಗ್ಗ ಬರುವವರೆಗೂ ನನ್ನನ್ನೇ ಬೈದ.